ಮೂವತ್ತು–ನಲವತ್ತರ ಸೈಟು, ಅರವತ್ತಾರು ಅಡಿ ತಂತಿ

ಪರವಾನಗಿ ಪಡೆದ ಒಬ್ಬರು ತಮ್ಮ ಸ್ವಂತ ಸೆಟ್ಟಿನಿಂದ, ಪರವಾನಗಿ ಪಡೆದ ಇನ್ನೊಬ್ಬರೊಂದಿಗೆ ನೇರವಾಗಿ ಮಾತಾಡುವುದಕ್ಕೆ ಹವ್ಯಾಸಿ ರೇಡಿಯೊ ಎಂದು ಹೆಸರು. ಬಳಕೆಯ ಮಾತಿನಲ್ಲಿ ಹ್ಯಾಮ್. ನಡುವೆ ಎಕ್ಸ್‌ಚೇಂಜ್ ಇಲ್ಲ, ಟವರ್ ಇಲ್ಲ, ತಿಂಗಳ ಬಿಲ್ಲೂ ಇಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಒಬ್ಬರೇ ಕೂತು ಮಾಡುವ ಈ ಕೆಲಸಕ್ಕೆ ಕ್ಲಬ್ಬಿನ ಹಂಗೇಕೆ ಅನ್ನಿಸಬಹುದು. ಆದರೆ 1970 ಮತ್ತು 80ರ ದಶಕದ ಬೆಂಗಳೂರಿನಲ್ಲಿ ಕ್ಲಬ್ಬಿನ ಮೆಟ್ಟಿಲು ಹತ್ತದೆ ಹ್ಯಾಮ್ ಆಗುವುದು ಕಷ್ಟವಿತ್ತು. ಬೇಕಾದದ್ದು ಯಾವುದೂ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತಿರಲಿಲ್ಲ. ಒಬ್ಬರ ಹತ್ತಿರ ಹಳೆಯ ಹ್ಯಾಂಡ್‌ಬುಕ್ ಇರುತ್ತಿತ್ತು, ಇನ್ನೊಬ್ಬರ ಹತ್ತಿರ ಕ್ರಿಸ್ಟಲ್ಲು, ಮತ್ತೊಬ್ಬರಿಗೆ ಮೋರ್ಸ್ ಕಿವಿ. ಇವರೆಲ್ಲ ವಾರಕ್ಕೊಮ್ಮೆ ಒಂದೇ ಕೋಣೆಗೆ ಬಂದರೆ ಅದೇ ಕ್ಲಬ್.

ಊರೂ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ದೂರವಾಣಿನಗರದಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, ಜಾಲಹಳ್ಳಿಯಲ್ಲಿ ಬಿಇಎಲ್ ಮತ್ತು ವಾಯುಪಡೆಯ ತರಬೇತಿ ಶಾಲೆಗಳು, ಮಲ್ಲೇಶ್ವರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಊರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟು. ಹಗಲೆಲ್ಲ ಸರ್ಕೀಟುಗಳ ನಡುವೆ ದುಡಿದು ಸಂಜೆಗೆ ಮತ್ತೆ ಸರ್ಕೀಟನ್ನೇ ಹುಡುಕಿಕೊಂಡು ಹೊರಡುವ ಜನ ಇಲ್ಲಿ ಸಾಕಷ್ಟಿದ್ದರು. ಮನೆಯ ಕೋಣೆಯಿಂದ ರೇಡಿಯೊ ಎನ್ನುವುದೂ ಈ ಸೀಮೆಗೆ ಹೊಸದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ‘ಆಕಾಶವಾಣಿ’ಯನ್ನು ಶುರು ಮಾಡಿದ್ದು ತಮ್ಮ ಮನೆಯಿಂದಲೇ. ಅದು ಪ್ರಸಾರ ನಿಲಯ, ಹ್ಯಾಮ್ ಅಲ್ಲ. ಆದರೂ ಹಳಬರು ಕ್ಲಬ್ಬಿನ ಕಥೆ ಹೇಳುವಾಗ ಅಲ್ಲಿಂದ ಎಳೆ ತೆಗೆದರೆ ತಪ್ಪಿಲ್ಲ. ಎರಡನೇ ಮಹಾಯುದ್ಧ ಶುರುವಾದಾಗ ದೇಶದ ಹ್ಯಾಮ್‌ಗಳೆಲ್ಲ ಬಾಯಿ ಮುಚ್ಚಬೇಕಾಯಿತು. ಯುದ್ಧ ಮುಗಿದ ಮೇಲೆ 1948ರಲ್ಲಿ ಮಧ್ಯಪ್ರದೇಶದ ಮೌ ಊರಿನ ಸೇನಾ ಸಿಗ್ನಲ್ಸ್ ಶಾಲೆಯಲ್ಲಿ ಒಂದು ಅಖಿಲ ಭಾರತ ಕ್ಲಬ್ ಹುಟ್ಟಿ, 1954ರಲ್ಲಿ ಅಮೆಚೂರ್ ರೇಡಿಯೊ ಸೊಸೈಟಿ ಆಫ್ ಇಂಡಿಯಾ ಎಂಬ ಹೆಸರು ಪಡೆಯಿತು. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ 1959ರದ್ದು.

ಕ್ಲಬ್ಬಿಗೆ ಹೊಸದಾಗಿ ಬಂದವರನ್ನು ಮೊದಲು ಕೂರಿಸುತ್ತಿದ್ದುದು ಸೆಟ್ಟಿನ ಮುಂದೆ ಅಲ್ಲ, ಅಕ್ಷರಗಳನ್ನು ಚುಕ್ಕೆ–ಗೆರೆಯ ಸದ್ದಿನಲ್ಲಿ ಕಳಿಸುವುದನ್ನು ಕಲಿಸುವ ಮೋರ್ಸ್ ತರಗತಿಯಲ್ಲಿ. ಆಗಿನ ನಿಯಮದಂತೆ ಎರಡನೇ ಗ್ರೇಡಿನ ಪರೀಕ್ಷೆಗೆ ನಿಮಿಷಕ್ಕೆ 5 ಪದ, ಮೊದಲನೇ ಗ್ರೇಡಿಗೆ 12 ಪದ ಕೇಳಿ ಬರೆಯಬೇಕು, ಕೀ ಒತ್ತಿ ಕಳಿಸಲೂ ಬೇಕು. ಐದು ಪದ ಎಂದರೆ ನಿಮಿಷಕ್ಕೆ 25 ಅಕ್ಷರ. ಕಾಗದದ ಮೇಲೆ ಅದು ಏನೂ ಅಲ್ಲ. ಕಿವಿಗೆ ಬಿದ್ದಾಗ ಮೂರನೇ ಅಕ್ಷರಕ್ಕೇ ಕೈ ನಿಂತುಹೋಗುತ್ತದೆ. ಚುಕ್ಕೆ–ಗೆರೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಕಲಿಯಲು ಹೋದವರು ಅಲ್ಲೇ ಸಿಕ್ಕಿಬೀಳುತ್ತಿದ್ದರು, ಯಾಕೆಂದರೆ ಕಣ್ಣು ಎಣಿಸುತ್ತದೆ, ಕಿವಿ ಎಣಿಸುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಮರೆಯಿರಿ ಎನ್ನುವುದೇ ಮೊದಲ ಪಾಠ. ‘ಡಿಡಾ’ ಎಂದು ಕೇಳಿಸಿದರೆ ಅದು ಎ. ಒಂದು ಚುಕ್ಕೆ ಒಂದು ಗೆರೆ ಎಂದು ಎಣಿಸಿ ಎ ತಲುಪಬಾರದು.

ಕನ್ನಡ ಶಾಲೆಯಲ್ಲಿ ಛಂದಸ್ಸಿಗೆ ಪ್ರಸ್ತಾರ ಹಾಕಿದವರಿಗೆ ಇದರಲ್ಲಿ ಒಂದು ಗುಟ್ಟು ಕಾಣುತ್ತದೆ. ಮೋರ್ಸ್‌ನಲ್ಲಿ ಮೂರು ಸದ್ದಿನ ಅಕ್ಷರಗಳು ಸರಿಯಾಗಿ ಎಂಟು, ಅಕ್ಷರಗಣಗಳೂ ಎಂಟೇ. ಚುಕ್ಕೆಯನ್ನು ಲಘು, ಗೆರೆಯನ್ನು ಗುರು ಎಂದು ತಿಳಿದರೆ ‘ಯಮಾತಾರಾಜಭಾನಸಲಗಂ’ ಸೂತ್ರ ಹಾಗೆಯೇ ಕೂತುಬಿಡುತ್ತದೆ. ಎಸ್ ನಗಣ, ಓ ಮಗಣ. ಹಡಗಿನವರು ಅಪಾಯದಲ್ಲಿ ಕೂಗುವ ಎಸ್‌ಓಎಸ್ ಎಂದರೆ ನಗಣ–ಮಗಣ–ನಗಣ. ‘ಸಿಕ್ಕಿತು’ ಎಂದು ತಿಳಿಸುವ ಆರ್ ಜಗಣ, ‘ಈಗ ನೀವು ಹೇಳಿ’ ಎಂದು ಬಿಟ್ಟುಕೊಡುವ ಕೆ ರಗಣ. ಡಿ ಭಗಣ, ಯು ಸಗಣ, ಡಬ್ಲ್ಯು ಯಗಣ, ಜಿ ತಗಣ. ಒಂದೇ ವ್ಯತ್ಯಾಸ: ಛಂದಸ್ಸಿನ ಗುರು ಎರಡು ಮಾತ್ರೆ, ಮೋರ್ಸ್‌ನ ಗೆರೆ ಮೂರು ಚುಕ್ಕೆಯಷ್ಟು ಉದ್ದ. ಅಕ್ಷರಗಳ ನಡುವೆ ಮೂರು ಚುಕ್ಕೆಯಷ್ಟು, ಪದಗಳ ನಡುವೆ ಏಳು ಚುಕ್ಕೆಯಷ್ಟು ಮೌನವಿರಬೇಕು. ಯತಿ ತಪ್ಪಿದರೆ ಪದ್ಯ ಕೆಡುವ ಹಾಗೆ, ಮೌನ ತಪ್ಪಿದರೆ ಇಲ್ಲಿ ಅಕ್ಷರವೇ ಬದಲಾಗುತ್ತದೆ. ಕೈ ಪಳಗಿದವರನ್ನು ಅವರ ಕೀ ಒತ್ತುವ ಲಯದಿಂದಲೇ, ಪರವಾನಗಿಯ ಜೊತೆ ಬರುವ ಕರೆಹೆಸರಾದ ಕಾಲ್‌ಸೈನ್ ಕೇಳುವ ಮೊದಲೇ, ಗುರುತಿಸುತ್ತಿದ್ದರು.

ಮೋರ್ಸ್ ಕಲಿಯುವವರ ಮನೆಯವರ ಪಾಡು ಬೇರೆ. ಒಂದು 555 ಐಸಿ, ಒಂದು ಚಿಕ್ಕ ಸ್ಪೀಕರ್, ಮರದ ತುಂಡಿನ ಮೇಲೆ ಕೀ. ಅದರ ಪೀಂ ಪೀಂ ಸದ್ದು ಅಡುಗೆಮನೆಗೂ ಮುಟ್ಟುತ್ತಿತ್ತು. ಬಸ್ಸಿನಲ್ಲಿ ಕೂತು ಅಂಗಡಿಯ ಬೋರ್ಡುಗಳನ್ನು ಬಾಯೊಳಗೇ ಡಿಡಾ ಮಾಡಿಕೊಳ್ಳುವುದು ಎಲ್ಲರಿಗೂ ಅಂಟುವ ರೋಗ. ಪರೀಕ್ಷೆಯಲ್ಲಿ ರೇಡಿಯೊ ತತ್ವ ಮತ್ತು ನಿಯಮಗಳ ಪತ್ರಿಕೆಯೂ ಇರುತ್ತಿತ್ತು, ಆದರೆ ಅದಕ್ಕೆ ಹೆದರಿದವರು ಕಡಿಮೆ. ಪಾಸಾದ ಮೇಲಿನದೇ ದೊಡ್ಡ ಪರೀಕ್ಷೆ. ಪೊಲೀಸ್ ವಿಚಾರಣೆ ಮುಗಿದು, ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿದು, ಪರವಾನಗಿ ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಕೆಲವರಿಗೆ ವರ್ಷವೇ ಹಿಡಿಯಿತು. ಅಷ್ಟು ದಿನ ಮಾಡಬಹುದಾದದ್ದು ಒಂದೇ, ಕೇಳುವುದು. ಮರ್ಫಿ ರೇಡಿಯೊದ ಶಾರ್ಟ್‌ವೇವ್ ಪಟ್ಟಿಯಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತಾ ಯಾರ ದನಿ, ಯಾವ ಊರು, ಎಷ್ಟು ಗಟ್ಟಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು. ಆ ಕಾಯುವ ಕಾಲ ಒಳ್ಳೆಯ ಆಪರೇಟರುಗಳನ್ನು ತಯಾರು ಮಾಡಿತು ಎಂದು ಹಿರಿಯರು ಸಮರ್ಥಿಸುತ್ತಿದ್ದರು. ವಿಳಂಬಕ್ಕೆ ಅಷ್ಟು ದೊಡ್ಡ ಮನಸ್ಸು ತೋರಿಸುವ ಅಗತ್ಯವೇನೂ ಇರಲಿಲ್ಲ.

ಕೊನೆಗೊಂದು ದಿನ ‘ವಿಯು2’ ಎಂದು ಶುರುವಾಗುವ ಕಾಲ್‌ಸೈನ್ ಬರುತ್ತಿತ್ತು. ವಿಯು ಎಂದರೆ ಭಾರತ. ಅಂದಿನಿಂದ ಕ್ಲಬ್ಬಿನಲ್ಲಿ ಆ ಮನುಷ್ಯನ ಹೆಸರು ಹಿಂದೆ ಸರಿದು ಕೊನೆಯ ಎರಡು ಮೂರು ಅಕ್ಷರಗಳೇ ಕರೆಯುವ ಹೆಸರಾಗುತ್ತಿದ್ದವು. ವರ್ಷಗಟ್ಟಲೆ ಒಡನಾಡಿದವರ ಪೂರ್ತಿ ಹೆಸರು ಮದುವೆಯ ಕರೆಯೋಲೆಯಲ್ಲಿ ಮೊದಲ ಸಲ ಗೊತ್ತಾದ ಪ್ರಸಂಗಗಳುಂಟು.

ಕಾಲ್‌ಸೈನ್ ಬಂತು, ಸೆಟ್ಟೆಲ್ಲಿ? ಮೊದಲ ತಲೆಮಾರಿಗೆ ಯುದ್ಧದ ಗುಜರಿಯೇ ಆಸರೆ. ಸೇನೆ ಹರಾಜು ಹಾಕಿದ ಬಿಸಿ–348ರಂತಹ ರಿಸೀವರುಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವ ತೂಕ. ಟ್ರಾನ್ಸ್‌ಮಿಟರನ್ನು ಸ್ವತಃ ಕಟ್ಟಬೇಕು. 807 ಎಂಬ ವಾಲ್ವ್ ಸಭೆ ಸಮಾರಂಭಗಳ ಧ್ವನಿವರ್ಧಕದಲ್ಲೂ ಇರುತ್ತಿದ್ದುದರಿಂದ ಹಳೆಯ ಮೈಕ್‌ಸೆಟ್ ಅಂಗಡಿಗಳ ಮೇಲೆ ಹ್ಯಾಮ್‌ಗಳ ಕಣ್ಣು. ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರು, ಉಳಿದ ದಿನ ಎಸ್.ಪಿ. ರೋಡು. ಅಲ್ಲಿ ಬೇಕಾದದ್ದನ್ನು ಕೇಳಬಾರದು, ಕೇಳಿದರೆ ಬೆಲೆ ಏರುತ್ತದೆ. ಬೇಡದ ಎರಡು ವಸ್ತು ಎತ್ತಿ ನೋಡಿ ‘ಇದೆಷ್ಟು?’ ಎಂದ ಮೇಲೆ, ‘ಹಾಗೇ ಇದನ್ನೂ ಹಾಕಿಬಿಡಿ’ ಎಂದು ವೇರಿಯಬಲ್ ಕಂಡೆನ್ಸರನ್ನು ಸೇರಿಸಬೇಕು. ಈ ವಿದ್ಯೆಯನ್ನೂ ಕ್ಲಬ್ಬೇ ಕಲಿಸುತ್ತಿತ್ತು. ಟ್ರಾನ್ಸಿಸ್ಟರ್ ಕಾಲ ಬಂದ ಮೇಲೆ ಜಾಲಹಳ್ಳಿಯಲ್ಲೇ ತಯಾರಾದ ಬಿಇಎಲ್ ಮಾಲು ಸುಲಭವಾಗಿ ಸಿಗತೊಡಗಿತು.

ಕಟ್ಟಿದ ಸೆಟ್ಟು ಒಂದೇ ಏಟಿಗೆ ಕೆಲಸ ಮಾಡಿದ್ದು ಅಪರೂಪ. ಆಸಿಲೇಟರ್ ಬಿಸಿಯಾದಂತೆ ಫ್ರೀಕ್ವೆನ್ಸಿ ಜಾರುತ್ತದೆ. ಎದುರಿನವರು ಮುಳ್ಳು ತಿರುಗಿಸುತ್ತಾ ಬೆನ್ನಟ್ಟಿ ಬರಬೇಕು. ‘ಓಎಂ, ನಿಮ್ಮ ಸೆಟ್ಟು ಮೈಸೂರು ಕಡೆ ಹೊರಟಿದೆ’ ಎಂಬುದು ಆಗ ಸಲ್ಲುತ್ತಿದ್ದ ತಮಾಷೆ. ಓಎಂ ಎಂದರೆ ಓಲ್ಡ್ ಮ್ಯಾನ್. ಹದಿನಾರರ ಹುಡುಗನೂ ಅರವತ್ತರ ನಿವೃತ್ತ ಎಂಜಿನಿಯರರೂ ಗಾಳಿಯ ಮೇಲೆ ಪರಸ್ಪರ ಓಎಂಗಳೇ, ಆದರೆ ಸಭೆಯಲ್ಲಿ ಎದುರಿಗೆ ಕಂಡೊಡನೆ ಹುಡುಗನ ಬಾಯಿಗೆ ‘ಸಾರ್’ ಬಂದುಬಿಡುತ್ತಿತ್ತು. 1984ರಲ್ಲಿ ಸರ್ಕಾರ ಆಮದು ಸುಂಕಕ್ಕೆ ವಿನಾಯಿತಿ ಕೊಟ್ಟಾಗ ಜಪಾನಿನ ಸೆಟ್ಟುಗಳು ಬಂದವು. ರಾಜೀವ್ ಗಾಂಧಿ ಸ್ವತಃ ಹ್ಯಾಮ್ ಆಗಿದ್ದ, ವಿಯು2ಆರ್‌ಜಿ ಎಂಬ ಕಾಲ್‌ಸೈನ್ ಇದ್ದ ಕಾಲ ಅದು. ಆದರೂ ಕಟ್ಟುವ ಚಟ ಬಿಡಲಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ಮುಂದೆ ‘ಬಿಟ್‌ಎಕ್ಸ್’ ಎಂಬ ಅಗ್ಗದ ಸೆಟ್ಟಿನ ನಕ್ಷೆ ಕೊಟ್ಟಾಗ, ಅದರಲ್ಲಿ ಕಾಯಿಲ್ ಸುತ್ತಲು ಬಳಸಿದ್ದು ನಲ್ಲಿಯ ವಾಷರ್. ವಿದೇಶದವರಿಗೆ ಅದು ಬೆರಗು. ಇಲ್ಲಿಯ ಕ್ಲಬ್ಬುಗಳವರಿಗೆ ತಮ್ಮದೇ ಮನೆಯ ಬುದ್ಧಿ ಎನ್ನಿಸಿತು.

ಸೆಟ್ಟಿಗಿಂತ ಕಠಿಣವಾದದ್ದು ಆಂಟೆನಾ. 7 ಮೆಗಾಹರ್ಟ್ಸ್‌ಗೆ ತರಂಗದ ಉದ್ದ ಸುಮಾರು 42 ಮೀಟರ್; ಅದರ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ ಸುಮಾರು 66 ಅಡಿ ತಂತಿ ಬೇಕು. ಬೆಂಗಳೂರಿನ ಮಧ್ಯಮ ವರ್ಗದ ಸೈಟು ಮೂವತ್ತು–ನಲವತ್ತು. ಮೂಲೆಯಿಂದ ಮೂಲೆಗೆ ಎಳೆದರೂ ಐವತ್ತೇ ಅಡಿ. ಉಳಿದ ಹದಿನಾರು ಅಡಿಗೆ ಪಕ್ಕದ ಮನೆಯವರ ಸ್ನೇಹ ಬೇಕು. ಪಕ್ಕದವರ ಹಿತ್ತಲಲ್ಲಿ ತೆಂಗಿನ ಮರವಿದ್ದರಂತೂ ಹಬ್ಬ. ಕಾಯಿ ಕೀಳಲು ಬಂದವನ ಸೊಂಟಕ್ಕೆ ಹಗ್ಗದ ತುದಿ ಕಟ್ಟಿ ಕಳಿಸಿದರೆ ಆಯಿತು. ಮರಗಳು ಗಾಳಿಗೆ ತೂಗುವುದರಿಂದ ತಂತಿಯನ್ನು ಬಿಗಿದು ಕಟ್ಟುವಂತಿಲ್ಲ. ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕೆಳಗೊಂದು ಇಟ್ಟಿಗೆ ತೂಗಿಬಿಟ್ಟರೆ ಮರ ಬಾಗಿದಾಗ ಇಟ್ಟಿಗೆ ಏರುತ್ತದೆ, ನೆಟ್ಟಗಾದಾಗ ಇಳಿಯುತ್ತದೆ. ಒಣಗಿದ ಸೋಗೆ ಬಿದ್ದು ತಂತಿ ಹರಿಯುವುದು ವರ್ಷಕ್ಕೆ ಒಂದೆರಡು ಸಲ ಇದ್ದದ್ದೇ.

ಆಂಟೆನಾ ಏರಿಸುವ ದಿನ ಕ್ಲಬ್ಬಿಗೆ ಕ್ಲಬ್ಬೇ ಬರುತ್ತಿತ್ತು. ಒಬ್ಬರು ಛಾವಣಿಯ ಮೇಲೆ, ಒಬ್ಬರು ಕಾಂಪೌಂಡಿನ ಮೇಲೆ, ಹಿರಿಯರಿಬ್ಬರು ಕೆಳಗೆ ನಿಂತು ಒಬ್ಬರಿಗೊಬ್ಬರು ವಿರುದ್ಧ ಸೂಚನೆ ಕೊಡುತ್ತಾ. ಮಧ್ಯಾಹ್ನ ಆ ಮನೆಯಲ್ಲಿ ಬಿಸಿಬೇಳೆಬಾತು. ಕೆಲಸ ಮುಗಿದರೂ ಪಕ್ಕದ ಮನೆಯ ಸಂಬಂಧ ಮುಗಿಯುತ್ತಿರಲಿಲ್ಲ, ಏಕೆಂದರೆ 80ರ ದಶಕದಲ್ಲಿ ಟಿವಿ ಬಂತು. ಹ್ಯಾಮ್ ಸೆಟ್ಟಿನಿಂದ ಮೂಲ ಫ್ರೀಕ್ವೆನ್ಸಿಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟರ ಹಾರ್ಮೋನಿಕ್‌ಗಳೂ ಹೊರಬೀಳುತ್ತವೆ. ಅವು ದೂರದರ್ಶನದ ಚಾನೆಲ್ಲಿನ ಮೇಲೆ ಕೂತರೆ ಪರದೆಯಲ್ಲಿ ಅಡ್ಡಗೆರೆ, ಕೆಲವೊಮ್ಮೆ ನಟನ ಬಾಯಲ್ಲಿ ಹ್ಯಾಮ್‌ನ ದನಿ. ಫಿಲ್ಟರ್ ಹಾಕಿ ತಡೆಯುವ ವಿಧಾನ ಪುಸ್ತಕದಲ್ಲಿತ್ತು. ಅದಕ್ಕಿಂತ ಭರವಸೆಯ ವಿಧಾನವೆಂದರೆ, 1987–88ರಲ್ಲಿ ‘ರಾಮಾಯಣ’ ಬರುತ್ತಿದ್ದ ಭಾನುವಾರ ಬೆಳಗ್ಗೆ ಸೆಟ್ಟನ್ನು ಮುಟ್ಟದೆ ಇರುವುದು.

ಇಷ್ಟೆಲ್ಲ ಪಾಡುಪಟ್ಟು ಮಾತಾಡುತ್ತಿದ್ದುದಾದರೂ ಏನು? ನಿಯಮವೇ ಇದಕ್ಕೊಂದು ಸೊಗಸಾದ ಮಿತಿ ಹಾಕಿದೆ. ರಾಜಕೀಯ ಕೂಡದು, ವ್ಯಾಪಾರ ಕೂಡದು, ಹಾಡು ಹಾಕಕೂಡದು, ಆಪತ್ತಿನ ಹೊತ್ತು ಬಿಟ್ಟರೆ ಮೂರನೆಯವರ ಸಂದೇಶ ದಾಟಿಸಕೂಡದು. ತಾಂತ್ರಿಕ ಪ್ರಯೋಗದ ಮಾತು ಆಡಬಹುದು. ಜೊತೆಗೆ, ಸಾರ್ವಜನಿಕ ದೂರಸಂಪರ್ಕ ಸೇವೆಗೆ ದುಡ್ಡು ಕೊಟ್ಟು ಕಳಿಸುವಷ್ಟು ಮಹತ್ವವಿಲ್ಲದ ಖಾಸಗಿ ಮಾತು ಆಡಬಹುದು. ಮುಖ್ಯವಲ್ಲದ್ದನ್ನೇ ಮಾತಾಡಿ ಎಂದು ಸರ್ಕಾರ ಬರೆದುಕೊಟ್ಟ ಅಪರೂಪದ ಕಾಗದ ಅದು. ಹಾಗಾಗಿ ಬೆಳಗಿನ ನೆಟ್‌ನಲ್ಲಿ ಮಳೆ, ತಿಂಡಿ, ಆಂಟೆನಾ, ಮತ್ತೆ ಮಳೆ. ನೆಟ್ ಎಂದರೆ ಗೊತ್ತಾದ ಹೊತ್ತಿಗೆ ಗೊತ್ತಾದ ಫ್ರೀಕ್ವೆನ್ಸಿಯಲ್ಲಿ ಎಲ್ಲರೂ ಸೇರುವುದು. ಒಬ್ಬರು ನಡೆಸಿಕೊಡುತ್ತಾರೆ, ಹಾಜರಿ ಕೂಗುತ್ತಾರೆ, ಸರದಿಯಂತೆ ಮಾತು. ಎರಡು ಸ್ಟೇಷನ್ ಒಟ್ಟಿಗೆ ಬಾಯಿ ತೆರೆದರೆ ಯಾರ ಮಾತೂ ಕೇಳದ್ದರಿಂದ, ಸುಮ್ಮನಿರುವ ಶಿಸ್ತು ತಾನಾಗಿ ಬರುತ್ತಿತ್ತು. ಮಾತು ಇಂಗ್ಲಿಷಿನಲ್ಲಿ ಶುರುವಾಗಿ, ಶಿವಮೊಗ್ಗದವರೋ ಮಂಗಳೂರಿನವರೋ ಸೇರಿಕೊಂಡ ಕೂಡಲೇ ಕನ್ನಡಕ್ಕೆ ಹೊರಳುತ್ತಿತ್ತು. ಕೊನೆಗೆ ‘73’, ಅಂದರೆ ಶುಭಾಶಯ.

7 ಮೆಗಾಹರ್ಟ್ಸ್‌ಗೆ ಬೆಳಗಿನ ಹೊತ್ತು ಆರಿಸಿಕೊಂಡಿದ್ದಕ್ಕೆ ಕಾರಣ ಮೇಲಿದೆ. ಭೂಮಿಯಿಂದ ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳ ಈ ತರಂಗಗಳನ್ನು ಬಾಗಿಸಿ ಕೆಳಕ್ಕೆ ಕಳಿಸುತ್ತದೆ. ಬಿಸಿಲೇರಿದಂತೆ ಅದರ ಕೆಳಗಿನ ‘ಡಿ’ ಪದರ ದಟ್ಟವಾಗಿ ತರಂಗವನ್ನು ಹೀರತೊಡಗುತ್ತದೆ; ಕತ್ತಲಾದರೆ ಆ ಪದರ ಕರಗಿ, ಪಕ್ಕದ ಜಿಲ್ಲೆಯವರು ಕೇಳಿಸದೆ ಪಕ್ಕದ ಖಂಡದವರು ಕೇಳಿಸುತ್ತಾರೆ. ಸೂರ್ಯನ ಕಲೆಗಳ ಸುಮಾರು 11 ವರ್ಷದ ಏರಿಳಿತ ಇದರ ಮೇಲೊಂದು ದೊಡ್ಡ ಅಲೆ. ಏಪ್ರಿಲ್–ಮೇ ತಿಂಗಳ ಗುಡುಗಿಗೆ ಮಾತ್ರ ಯಾವ ಮದ್ದೂ ಇಲ್ಲ. ಸ್ಪೀಕರಿನಲ್ಲಿ ಚಟಪಟ ಶುರುವಾದರೆ ಆಂಟೆನಾ ಕಳಚಿ ಕಿಟಕಿಯಾಚೆ ಬಿಸಾಕುವುದೇ ಜಾಣತನ.

ದೂರದ ಸ್ಟೇಷನ್ ಸಿಕ್ಕಿತೆಂಬುದಕ್ಕೆ ಸಾಕ್ಷಿ ಕ್ಯೂಎಸ್‌ಎಲ್ ಕಾರ್ಡು. ಅಂಚೆ ಕಾರ್ಡಿನಷ್ಟಗಲ, ದಿನಾಂಕ, ಸಮಯ, ಫ್ರೀಕ್ವೆನ್ಸಿ, ದನಿ ಎಷ್ಟು ಗಟ್ಟಿ ಎಂಬ ಅಂಕ, ಸಹಿ. ಹೊರದೇಶದ ಅಂಚೆ ವೆಚ್ಚ ತಡೆಯದೆ ಕಾರ್ಡುಗಳನ್ನು ಒಟ್ಟುಗೂಡಿಸಿ ಬ್ಯೂರೊ ಮೂಲಕ ಕಳಿಸುತ್ತಿದ್ದರು. ಉತ್ತರ ಬರಲು ವರ್ಷಗಳಾಗುತ್ತಿದ್ದವು. ಮಾತಾಡಿದ್ದು ಮರೆತೇಹೋದ ಮೇಲೆ ಸೋವಿಯತ್ ದೇಶದಿಂದ ಒಂದು ಕಾರ್ಡು. ಬರುವಷ್ಟರಲ್ಲಿ ಆ ದೇಶವೇ ಇಲ್ಲ, ಕಾರ್ಡು ಮಾತ್ರ ಇದೆ.

ಕ್ಲಬ್ಬಿನ ಆಟಗಳಲ್ಲಿ ಎಲ್ಲರನ್ನೂ ಬೀದಿಗೆ ಎಳೆಯುತ್ತಿದ್ದುದು ಫಾಕ್ಸ್ ಹಂಟ್. ‘ನರಿ’ಯಾದವರು ಸಣ್ಣ ಟ್ರಾನ್ಸ್‌ಮಿಟರ್ ಹಿಡಿದು ಎಲ್ಲೋ ಅಡಗುತ್ತಾರೆ, ಆಗಾಗ ಕೆಲ ಸೆಕೆಂಡು ಉಲಿಯುತ್ತಾರೆ. ಉಳಿದವರು ದಿಕ್ಕು ಹಿಡಿದು ಹುಡುಕಬೇಕು. ಅಳತೆಪಟ್ಟಿಯ ಉಕ್ಕನ್ನು ಕತ್ತರಿಸಿ ಪಿವಿಸಿ ಪೈಪಿಗೆ ಬಿಗಿದ ಯಾಗಿ ಆಂಟೆನಾ ಕೈಯಲ್ಲಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಸೆಟ್ಟನ್ನು ಎದೆಗವಚಿಕೊಂಡು ನಿಂತಲ್ಲೇ ನಿಧಾನ ಸುತ್ತಬೇಕು. ಸದ್ದು ತೀರಾ ಕುಗ್ಗಿದ ಕಡೆ, ಮೈಯೇ ತಡೆಗೋಡೆಯಾಗಿರುವುದರಿಂದ, ನರಿ ಬೆನ್ನ ಹಿಂದಿದೆ. ಉದ್ಯಾನದಲ್ಲಿ ಹೀಗೆ ಗಿರಗಿರ ಸುತ್ತುವವರನ್ನು ಕಂಡು ವಾಕಿಂಗಿನವರು ನಿಲ್ಲುತ್ತಿದ್ದರು, ಬೀಟಿನ ಪೊಲೀಸರೂ ನಿಲ್ಲುತ್ತಿದ್ದರು. ಅದಕ್ಕೇ ಪರವಾನಗಿಯ ಜೆರಾಕ್ಸ್ ಸದಾ ಜೇಬಿನಲ್ಲಿ. ಹತ್ತಿರವಾದಂತೆ ಆಟ ಕಷ್ಟವಾಗುತ್ತದೆ. ಸಿಗ್ನಲ್ ಎಲ್ಲ ಕಡೆಯಿಂದಲೂ ಗಟ್ಟಿ. ಕಟ್ಟಡದ ಗೋಡೆಗೆ ಬಡಿದು ಬಂದದ್ದೇ ನಿಜವೆನಿಸಿ ಕಾಂಕ್ರೀಟಿನ ಬೆನ್ನು ಹತ್ತಿದವರೆಷ್ಟೋ. ಆಗ ಆಂಟೆನಾವನ್ನೇ ಕಳಚಿ ಸೆಟ್ಟನ್ನು ಬೇಕೆಂದೇ ಕಿವುಡು ಮಾಡಿಕೊಂಡು ಹುಡುಕಬೇಕು. ಬಹುಮಾನ ಸಾಮಾನ್ಯವಾಗಿ ಒಂದು ಕಾಫಿ.

ವರ್ಷಕ್ಕೊಮ್ಮೆ ಬೆಟ್ಟ ಹತ್ತುವುದೂ ಇತ್ತು. ನಂದಿಯ 1,478 ಮೀಟರ್ ಎತ್ತರದಲ್ಲಿ, ಕೈಯಲ್ಲಿ ಹಿಡಿಯುವ 5 ವಾಟ್ ಸೆಟ್ಟು ಕೂಡ ಬೆಂಗಳೂರನ್ನೆಲ್ಲ ಮಾತಾಡಿಸುತ್ತದೆ. ಕಾರಿನ ಬ್ಯಾಟರಿ, ಬಿದಿರಿನ ಗಳು, ಮಂಕಿ ಕ್ಯಾಪು. ಮೋಟಾರ್ ರ‍್ಯಾಲಿಗಳಿಗೆ ಕಾಡಿನ ನಡುವಿನ ಚೆಕ್‌ಪಾಯಿಂಟಿನಿಂದ ಕಾರು ದಾಟಿದ ಸಮಯ ಹೇಳುವ ಕೆಲಸವನ್ನೂ ಹ್ಯಾಮ್‌ಗಳು ವಹಿಸಿಕೊಳ್ಳುತ್ತಿದ್ದರು. ಇವೆಲ್ಲ ಮೋಜಿನಂತೆ ಕಂಡರೂ, ಕರೆಂಟಿಲ್ಲದ ಕಡೆ ಹತ್ತು ನಿಮಿಷದಲ್ಲಿ ಸ್ಟೇಷನ್ ಎದ್ದು ನಿಲ್ಲಬೇಕೆಂಬುದರ ತಾಲೀಮು. 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪಗಳಲ್ಲಿ ಅದು ಕೆಲಸಕ್ಕೆ ಬಂತು. 2004ರ ಡಿಸೆಂಬರ್ 26ರ ಕತೆಯಂತೂ ಕ್ಲಬ್ಬುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂಡಮಾನಿನಿಂದ ಹ್ಯಾಮ್ ಪ್ರಸಾರಕ್ಕೆ ಬಹು ವರ್ಷಗಳ ನಂತರ ಅನುಮತಿ ದೊರೆತು, ಭಾರತಿ ಪ್ರಸಾದ್ ಅವರ ತಂಡ ಪೋರ್ಟ್‌ಬ್ಲೇರಿನ ಹೋಟೆಲೊಂದರಲ್ಲಿ ಸ್ಟೇಷನ್ ಹೂಡಿತ್ತು. ಜಗತ್ತಿನ ಹ್ಯಾಮ್‌ಗಳು ಆ ಅಪರೂಪದ ಕಾಲ್‌ಸೈನಿಗಾಗಿ ಮುಗಿಬಿದ್ದಿದ್ದಾಗಲೇ ಭೂಮಿ ನಡುಗಿತು, ಸುನಾಮಿ ಬಂತು. ಕಾರ್ಡಿಗಾಗಿ ನಡೆಯುತ್ತಿದ್ದ ಮಾತು ಅಲ್ಲಿಗೇ ನಿಂತು, ಯಾರು ಬದುಕಿದ್ದಾರೆ ಎಂಬ ಸಂದೇಶಗಳು ಅದೇ ಸೆಟ್ಟಿನಿಂದ ಮುಖ್ಯಭೂಮಿಗೆ ಹರಿದವು.

ಬೆಂಗಳೂರಿನ ಹ್ಯಾಮ್‌ಗಳಿಗೆ ಇನ್ನೊಂದು ಹೆಮ್ಮೆ ಆಕಾಶದಲ್ಲಿತ್ತು. ಇಸ್ರೊದ ಉಪಗ್ರಹ ಕೇಂದ್ರದವರದ್ದೇ ಒಂದು ಹ್ಯಾಮ್ ಕ್ಲಬ್ ಇದೆ, ಹೆಸರು ‘ಉಪಗ್ರಹ’. ಹವ್ಯಾಸಿಗಳಿಗೆಂದೇ ಕಟ್ಟಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಪಿಎಸ್‌ಎಲ್‌ವಿ–ಸಿ6 ರಾಕೆಟ್ಟಿನಲ್ಲಿ ಕಾರ್ಟೊಸ್ಯಾಟ್–1ರ ಜೊತೆ ಏರಿತು. ಬಂದ ದನಿಯನ್ನು ಮರಳಿ ಭೂಮಿಗೆ ಕಳಿಸುವ ಅದರ ಒಂದು ಟ್ರಾನ್ಸ್‌ಪಾಂಡರ್ ಭಾರತದ್ದು, ಇನ್ನೊಂದನ್ನು ಮಾಡಿಕೊಟ್ಟವನು ಒಬ್ಬ ಡಚ್ ವಿದ್ಯಾರ್ಥಿ. ತಾರಸಿಯ ಮೇಲೆ ನಿಂತು ಕೈಯಲ್ಲಿ ಆಂಟೆನಾ ಹಿಡಿದು, ದಿಗಂತದಿಂದ ದಿಗಂತಕ್ಕೆ ಹಾಯುವ ಹತ್ತು–ಹದಿನೈದು ನಿಮಿಷ ಅದನ್ನು ಹಿಂಬಾಲಿಸಬೇಕು. ಬರುವಾಗ ರೈಲಿನ ಶಿಳ್ಳೆ ಏರಿ ಹೋಗುವಾಗ ಇಳಿಯುವ ಹಾಗೆ ಇಲ್ಲಿ ಫ್ರೀಕ್ವೆನ್ಸಿ ಸರಿಯುತ್ತದೆ. ಒಂದು ಕೈ ಆಂಟೆನಾಕ್ಕೆ, ಇನ್ನೊಂದು ಮುಳ್ಳಿಗೆ, ಲಾಗ್ ಬರೆಯಲು ಮೂರನೆಯ ಕೈ ಬೇಕು. ಆ ಮೂರನೆಯ ಕೈಯೇ ಕ್ಲಬ್ಬಿನ ಗೆಳೆಯ. ಎರಡು ವರ್ಷದ ಲೆಕ್ಕ ಹಾಕಿ ಕಳಿಸಿದ್ದ ಆ ಉಪಗ್ರಹ, ಬ್ಯಾಟರಿ ಸೋತು 2014ರ ಜುಲೈನಲ್ಲಿ ಸುಮ್ಮನಾಗುವವರೆಗೆ ಒಂಬತ್ತು ವರ್ಷ ದುಡಿಯಿತು. 2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಅದೇ ಉಪಗ್ರಹ ಕೇಂದ್ರದಲ್ಲಿ (ಈಗ ಅದಕ್ಕೆ ಯು.ಆರ್. ರಾವ್ ಹೆಸರು) ಸೇರಿದ್ದ ಮಕ್ಕಳೊಂದಿಗೆ ಮಾತಾಡಿದ್ದೂ ಹ್ಯಾಮ್ ರೇಡಿಯೊದಲ್ಲೇ.

ಕೊರತೆಯ ಕಾಲ ಈಗಿಲ್ಲ. ಚೀನಾದ ಕೈಸೆಟ್ಟು ಅಂಚೆಯಲ್ಲೇ ಮನೆಗೆ ಬರುತ್ತದೆ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ನಿರ್ಬಂಧಿತ ಗ್ರೇಡಿಗೆ ಮೋರ್ಸ್ ಬೇಕಿಲ್ಲ, ಕಾಲ್‌ಸೈನ್ ವಿಯು3ರಿಂದ ಶುರುವಾಗುತ್ತದೆ. ಮೋರ್ಸ್ ಇಲ್ಲದ ಹ್ಯಾಮ್ ಹ್ಯಾಮೇ ಅಲ್ಲ ಎಂಬ ಹಳಬರ ಗೊಣಗು ಬಹಳ ಕಾಲ ನಡೆಯಿತು. ಹೊಸಬರಲ್ಲಿ ಕೆಲವರು ಬೇಕಿಲ್ಲದೆಯೂ ಕಲಿಯತೊಡಗಿದ ಮೇಲೆ ತಣ್ಣಗಾಯಿತು. ತೆಂಗಿನ ಮರವಿದ್ದ ಹಿತ್ತಿಲುಗಳಲ್ಲಿ ಅಪಾರ್ಟ್‌ಮೆಂಟುಗಳೆದ್ದು, ತಂತಿ ಕಟ್ಟಲು ಈಗ ಪಕ್ಕದ ಮನೆಯವರ ಬದಲು ಅಸೋಸಿಯೇಷನ್ ಸಭೆಯ ಒಪ್ಪಿಗೆ ಬೇಕು. ಕೊಂಡು ತರಬಹುದಾದದ್ದಕ್ಕೆ ಈಗ ಯಾರೂ ಕ್ಲಬ್ಬಿಗೆ ಬರುವುದಿಲ್ಲ. ಒಬ್ಬರಿಂದ ಆಗದ ಕೆಲಸಗಳಿಗೆ ಬರುತ್ತಾರೆ: ನರಿ ಹುಡುಕಲು, ಬೆಟ್ಟಕ್ಕೆ ಬ್ಯಾಟರಿ ಹೊರಲು, ಉಪಗ್ರಹಕ್ಕೆ ಮೂರನೆಯ ಕೈಯಾಗಲು.

ಹ್ಯಾಮ್ ತೀರಿಕೊಂಡರೆ ‘ಸೈಲೆಂಟ್ ಕೀ’ ಎನ್ನುತ್ತಾರೆ. ಮರುದಿನದ ನೆಟ್‌ನಲ್ಲಿ ಹಾಜರಿ ಕೂಗುವವರು ಆ ಕಾಲ್‌ಸೈನ್ ಕರೆದು, ಉತ್ತರಕ್ಕೆ ಬೇಕಾದಷ್ಟು ಹೊತ್ತು ಬಿಟ್ಟು, ಮುಂದಿನದಕ್ಕೆ ಹೋಗುತ್ತಾರೆ. ತಿಂಗಳು ಕಳೆದ ಮೇಲೆ ಮನೆಯವರು ಕ್ಲಬ್ಬಿಗೆ ಫೋನ್ ಮಾಡುತ್ತಾರೆ, ಕೋಣೆ ತೆರವು ಮಾಡಬೇಕು ಎಂದು. ಸೆಟ್ಟು, ಮೀಟರು, ಕೀ, ಡಬ್ಬಗಟ್ಟಲೆ ಕಂಡೆನ್ಸರುಗಳು ಸಭೆಯ ಮೇಜಿನ ಮೇಲೆ ಬರುತ್ತವೆ. ಹಿರಿಯರು ಬೆಲೆ ಕಟ್ಟುತ್ತಾರೆ, ಹಣ ಮನೆಯವರಿಗೆ ಹೋಗುತ್ತದೆ. ಬೆಸುಗೆಯ ಕೈಬರಹ ಗುರುತಿಸಿ ‘ಇದನ್ನು ನಾನೇ ಕೊಟ್ಟಿದ್ದೆ, ಎಪ್ಪತ್ತೆಂಟರಲ್ಲಿ’ ಎಂದು ಯಾರೋ ಒಬ್ಬರು ತಮ್ಮದೇ ಟ್ರಾನ್ಸ್‌ಫಾರ್ಮರನ್ನು ಮರಳಿ ಕೊಳ್ಳುತ್ತಾರೆ. ಕಾರ್ಡುಗಳಿಗೆ ಬೆಲೆ ಕಟ್ಟುವುದಿಲ್ಲ. ಅವನ್ನು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ಕಾಲ್‌ಸೈನ್ ಬರೆದು, ಕ್ಲಬ್ಬಿನ ಅಟ್ಟಕ್ಕೆ ಏರಿಸುತ್ತಾರೆ.